ಜಾಗ ಬಿಟ್ಟ ಕಲ್ಲು

ಕಲ್ಲು ಮತ್ತೆ ತಿರುವಿಗೆ ಬಂದು ನಿಂತಿತ್ತು.

ಎಂಜಿನಿಯರ್ ಜೀಪಿನಿಂದ ಇಳಿದವನೇ ಅದಕ್ಕೊಂದು ಸುತ್ತು ಹಾಕಿದ. "ಈ ದಾರಿಯನ್ನು ಮೊದಲು ಕಂಡುಹಿಡಿದ ಅನ್ವೇಷಕರು ಇಲ್ಲಿ ತಂಗಿದ್ದರು" ಎಂದು ಅದರ ಮೇಲೆ ಕೆತ್ತಿತ್ತು. ಅವರು ತಂಗಿದ್ದು ಇಲ್ಲಲ್ಲ; ಕೂಗಳತೆಯಾಚೆ, ಹೊಳೆಯ ದಂಡೆಯಲ್ಲಿ. ಕಲ್ಲನ್ನು ಮೊದಲು ನೆಟ್ಟದ್ದೂ ಅಲ್ಲೇ. ರಸ್ತೆ ಇಲಾಖೆಯವರು ಅಲ್ಲಿಗೆ ಒಯ್ದು ನಿಲ್ಲಿಸಿದಷ್ಟು ಸಲವೂ ಅದು ತಿರುವಿಗೆ ವಾಪಸ್ಸಾಗುತ್ತಿತ್ತು. ದಾರಿ ಹುಡುಕಲು ಬಂದು, ದಾರಿ ತಪ್ಪಿ, ಪ್ರವಾಹ ಇಳಿಯುವವರೆಗೆ ಕಾದು ಕೂತವರ ಕಲ್ಲು. ಅದಕ್ಕೂ ಅವರ ಚಾಳಿಯೇ ಅಂಟಿರಬೇಕು.

"ಕಲ್ಲಿಗೇನು ಕಾಲು ಬಂದಿದೆಯಾ, ಮೇಸ್ತ್ರಿ?"

ರಸ್ತೆ ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದ. ಆ ಕಲ್ಲು ಹೊತ್ತೂ ಹೊತ್ತೂ ಅವನ ಬೆನ್ನು ಹಣ್ಣಾಗಿತ್ತು. "ಗೊತ್ತಿಲ್ಲ ಸಾರ್. ಅಲ್ಲಿಡ್ತೀವಿ, ಬೆಳಗಾದ್ರೆ ಇಲ್ಲಿರುತ್ತೆ."

ಎಂಜಿನಿಯರ್ ಹೊಸಬ. ಕೇಂದ್ರ ಕಚೇರಿಯಿಂದ ಬಂದು ವಾರವೂ ಆಗಿರಲಿಲ್ಲ. ಆದರೂ ಕಳ್ಳರನ್ನು ಹಿಡಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಲ್ಲಿನ ಹಿಂದೆಯೇ ಒಂದು ಟೀ ಅಂಗಡಿ ಇತ್ತು. ಅವನು ನೋಡುತ್ತಿದ್ದಂತೆಯೇ ಬಿರುಸಾಗಿ ಬಂದ ಕಾರೊಂದು ಕಲ್ಲನ್ನು ಕಂಡು ವೇಗ ತಗ್ಗಿಸಿತು, ನಿಂತಿತು. ಒಳಗಿದ್ದವರು ಇಳಿದು ಕಲ್ಲಿನ ಜೊತೆ ಫೋಟೊ ತೆಗೆಸಿಕೊಂಡರು, ಟೀ ಕುಡಿದರು, ನಿಧಾನವಾಗಿ ಹೊರಟರು.

ಅವನಿಗೆ ಇಷ್ಟು ಸಾಕಾಯಿತು.

"ಏನಮ್ಮಾ, ವ್ಯಾಪಾರ ಜೋರಾ?" ಎಂದು ಬೆಂಚಿನ ಮೇಲೆ ಕೂತ.

ಅಂಗಡಿಯವಳು ತಲೆ ಎತ್ತಲಿಲ್ಲ. "ಕಲ್ಲಿದ್ರೆ ನಿಲ್ತಾರೆ ಸಾರ್. ಇಲ್ದಿದ್ರೆ ಯಾರು ನಿಲ್ತಾರೆ?"

ತಪ್ಪೊಪ್ಪಿಗೆ ಇದಕ್ಕಿಂತ ಸಲೀಸಾಗಿ ಸಿಗುವುದಿಲ್ಲ. ಎಂಜಿನಿಯರ್ ಮೇಸ್ತ್ರಿಯತ್ತ ಹುಬ್ಬು ಹಾರಿಸಿದ. ಮೇಸ್ತ್ರಿ ರಸ್ತೆಗೆ ಬೆನ್ನು ಮಾಡಿ ಕೂತಿದ್ದ. ಅವನು ಅಲ್ಲಿ ಕೂರುವುದೇ ಹಾಗೆ.

ಕೇಳದೆಯೇ ಅವನ ಮುಂದೆ ಸಕ್ಕರೆಯಿಲ್ಲದ ಟೀ ಬಂತು.

"ಸಕ್ಕರೆ ಕಾಯಿಲೆನಾ, ಮೇಸ್ತ್ರಿ?"

"ಕಾಯಿಲೆ ಏನಿಲ್ಲ ಸಾರ್. ಸೇರಲ್ಲ, ಅಷ್ಟೇ."

ಎಂಜಿನಿಯರ್ ತನ್ನ ಲೋಟ ಮೂಸಿ ಮುಖ ಸಿಂಡರಿಸಿದ. "ಇದೇನಮ್ಮಾ, ಲೋಟಕ್ಕೆಲ್ಲ ಮುಲಾಮಿನ ವಾಸನೆ?"

"ಬೆನ್ನು ನೋವು ಸಾರ್. ಬೆಳಗ್ಗೆ ತಿಕ್ಕಿದ್ದು, ಕೈಯಿಂದ ಇನ್ನೂ ಹೋಗಿಲ್ಲ."

"ಕಲ್ಲು ಎತ್ತಿದ್ರೆ ಬೆನ್ನು ನೋಯದೆ ಇರುತ್ತಾ?" ಎಂದು ಅವನು ಗಹಗಹಿಸಿದ. ಬೇರೆ ಯಾರೂ ನಗಲಿಲ್ಲ. ಆಮೇಲೆ ಮೇಸ್ತ್ರಿಯತ್ತ ಬಾಗಿ ದನಿ ತಗ್ಗಿಸಿದ. "ಒಬ್ಬಳಿಂದ ಆಗೋ ಕೆಲಸ ಅಲ್ಲ ಇದು. ಜೊತೆಗೊಬ್ಬ ಇದ್ದಾನೆ. ಅವನ ಮೇಲೆ ಕಣ್ಣಿಡಿ."

"ಆಗಲಿ ಸಾರ್."

"ಇವತ್ತೇ ಹೊಳೆ ಹತ್ರ ನೆಟ್ಟು, ಬುಡಕ್ಕೆ ಕಾಂಕ್ರೀಟ್ ಹಾಕ್ಬಿಡಿ. ನಾನೇ ನಿಂತು ನೋಡ್ತೀನಿ. ಆಮೇಲೆ ಆನೆ ಬಂದ್ರೂ ಅಲ್ಲಾಡಬಾರದು."

ಅಂಗಡಿಯವಳು ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಸಾರ್, ಕಲ್ಲು ತಗೊಂಡು ಹೋದ್ಮೇಲೆ ಇಲ್ಲಿಗೊಂದು ಎಚ್ಚರಿಕೆ ಫಲಕ ಹಾಕ್ತೀರಾ? ಗಾಡಿಗಳು ತುಂಬಾ ಜೋರಾಗಿ ಬರ್ತಾವೆ."

"ಕಚೇರಿಯಲ್ಲೂ ಇದೇ ರಾಗ ಕೇಳಿದೆ. ಒಂದು ಸಾವಿಗೆಲ್ಲ ಫಲಕ ಕೊಡೋಕೆ ನಿಯಮ ಇಲ್ಲಮ್ಮ. ಇಲ್ಲಿ ಹೋಗಿರೋದು ಒಂದೇ ಮಗು ಅಲ್ವಾ?"

"ಹೌದು ಸಾರ್," ಎಂದಳು ಅವಳು. "ಒಂದೇ."

ಅವನು ಕೆಟ್ಟವನೇನಲ್ಲ. ಇದ್ದ ನಿಯಮ ಹೇಳಿದ, ಟೀ ಮುಗಿಸಿದ.

ಏಳುವಾಗ ಮೇಸ್ತ್ರಿ ಅವಳ ಕೈಯಿಂದ ಒಂದು ದೊಡ್ಡ ಪೊಟ್ಟಣ ಸಕ್ಕರೆ ತೆಗೆದುಕೊಂಡ.

"ಸೇರದವರಿಗೆ ಇಷ್ಟೊಂದು ಯಾಕೆ?" ಎಂದು ಎಂಜಿನಿಯರ್ ಕಾಲೆಳೆದ.

"ಮನೆಗೆ ಸಾರ್."

ಹೊಳೆಯ ದಂಡೆಯಲ್ಲಿ ಗುಂಡಿ ತೋಡಿದ್ದಾಯಿತು. ಕಾಂಕ್ರೀಟನ್ನು ಮೇಸ್ತ್ರಿ ಆಳುಗಳಿಗೆ ಬಿಡದೆ ತಾನೇ ಕಲಸಿದ. ಎಂಜಿನಿಯರ್ ಮರದ ನೆರಳಲ್ಲಿ ನಿಂತು, ಪಳಗಿದ ಕೈ ಎಂದು ಮೆಚ್ಚಿಕೊಂಡ. ಕಲ್ಲು ಮಟ್ಟಸವಾಗಿ ನಿಂತಿತು. ಸಂಜೆ ವಾಪಸ್ಸು ಹೊರಟಾಗ ಖಾಲಿ ತಿರುವಿನಲ್ಲಿ ಯಾವ ಗಾಡಿಯೂ ವೇಗ ತಗ್ಗಿಸಲಿಲ್ಲ. ಅವನ ಜೀಪೂ ತಗ್ಗಿಸಲಿಲ್ಲ.

ಬೆಳಕು ಹರಿಯುವಾಗಲೂ ಕಾಂಕ್ರೀಟ್ ಕೆಸರಿನ ಹಾಗೇ ಇತ್ತು. ಸಕ್ಕರೆ ಬಿದ್ದ ಸಿಮೆಂಟ್ ಗಟ್ಟಿಯಾಗುವುದಿಲ್ಲ ಎಂಬುದು ಆ ಕೆಲಸದಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತು. ಕಲ್ಲಿನ ಒಂದು ತುದಿಯನ್ನು ಅಂಗಡಿಯವಳು ಹಿಡಿದಳು, ಇನ್ನೊಂದನ್ನು ಮೇಸ್ತ್ರಿ. ಇಬ್ಬರೂ ಸೇರಿ ಅದನ್ನು ಇಲಾಖೆಯ ಕೈಗಾಡಿಗೆ ಏರಿಸಿದರು.

"ನಿಧಾನ ರೀ, ಬೆನ್ನು," ಎಂದಳು ಅವಳು. ಸ್ವಲ್ಪ ದೂರ ತಳ್ಳಿದ ಮೇಲೆ ಕೇಳಿದಳು, "ಆ ಸಾಹೇಬರು ಮತ್ತೆ ಬಂದ್ರೆ?"

"ಬರಲಿ ಬಿಡು. ಕಲ್ಲು ನೋಡಿ ನಿಲ್ತಾರಲ್ಲ."

ಅಂಗಡಿಯ ಮುಂದೆ, ಎಂದಿನ ಜಾಗದಲ್ಲೇ ಕಲ್ಲನ್ನು ಇಳಿಸಿದರು. ಮೇಸ್ತ್ರಿ ಅದನ್ನು ತಬ್ಬಿಕೊಂಡು ಅತ್ತ. ಅವಳು ಸೆರಗಿನಿಂದ ಕಲ್ಲಿನ ಕೆಸರು ಒರೆಸುತ್ತ ಅತ್ತಳು.

ಸಕ್ಕರೆ ಜಾಸ್ತಿ ಹಾಕಿದ ಲೋಟ ಹಿಡಿದು, "ಅಪ್ಪಾ, ಟೀ" ಎಂದು ಕೂಗುತ್ತ, ರಸ್ತೆಯಾಚೆ ಕೆಲಸ ಮಾಡುತ್ತಿದ್ದ ಅವನ ಕಡೆಗೆ ಮಗಳು ಓಡಿದ್ದು ಅಲ್ಲಿಂದಲೇ.