ಮಹಡಿಗೆ ಸಿಗ್ನಲ್ ಬಂತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ವೈಫೈ ಮೆಟ್ಟಿಲು ಹತ್ತಿದರೆ ಹೋಯಿತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಈ ಗಾದೆ ಸುಳ್ಳಾದರೂ ಕಥೆ ಸುಳ್ಳಲ್ಲ.

ಮಹಡಿಗೂ ವೈಫೈ ಹರಡಲೆಂದು ತರಿಸಿದ, ಸ್ಪೀಕರಿರುವ ಮೂರು ಡಬ್ಬಿಗಳಲ್ಲಿ ಮೊದಲನೆಯದನ್ನು ಮಗ ಹಾಲ್‌ನ ಹಳೆಯ ರೌಟರಿಗೆ ತಂತಿಯಿಂದ ಜೋಡಿಸಿದ. ಎರಡನೆಯದನ್ನು ಮೆಟ್ಟಿಲ ತಿರುವಿನಲ್ಲಿಟ್ಟ. ಮೂರನೆಯದನ್ನು ಮಹಡಿ ಕೋಣೆಯ ಕಿಟಕಿಯ ಬಳಿ ಇಟ್ಟು, ಅಪ್ಪನ ಕೈಗೆ ಅವರ ಮೊಬೈಲು ಕೊಟ್ಟು ಕೆಳಗಿಳಿದ. ರೌಟರಿನ ವೈಫೈ ನಿಲ್ಲಿಸಿ ಅದರ ಹೆಸರು, ಪಾಸ್‌ವರ್ಡನ್ನೇ ಹೊಸದಕ್ಕೂ ಕೊಟ್ಟಿದ್ದರಿಂದ ಮನೆಯ ಫೋನುಗಳೆಲ್ಲ ಹೊಸ ಸಂಸಾರಕ್ಕೆ ತಕರಾರಿಲ್ಲದೆ ಹೊಂದಿಕೊಂಡವು.

ಅಪ್ಪ ಎಂದರೆ ನಿವೃತ್ತ ಡ್ರಿಲ್ ಮೇಷ್ಟ್ರು. ಮೈಕಿಲ್ಲದೆ ಮೈದಾನ ನಡುಗಿಸುತ್ತಿದ್ದವರಿಗೆ ಮಕ್ಕಳು ಇಟ್ಟ ಹೆಸರು ಮೈಕಾಸುರ. ಗಂಟಲ ಆಪರೇಷನ್ ಆಗಿ ಉಸಿರಾಟಕ್ಕೆ ಕತ್ತಿನಲ್ಲೊಂದು ತೂತಾದ ಮೇಲೆ ಅಸುರ ಉಳಿದ, ಮೈಕು ಹೋಯಿತು. ಮೊನ್ನೆ ಉಸಿರು ಸಿಕ್ಕಿಕೊಂಡು ಅವರು ಕೋಲಿನಿಂದ ನೆಲ ಕುಟ್ಟುವಾಗ ಕೆಳಗೆ ಮಿಕ್ಸಿ ತಿರುಗುತ್ತಿತ್ತು. ಬಟ್ಟೆ ಒಣಹಾಕಲು ಅಮ್ಮ ಮೇಲೆ ಹೋಗದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಅದಕ್ಕೇ ಈ ಡಬ್ಬಿಗಳು. ಮೇಷ್ಟ್ರು ಮೊಬೈಲಿನಲ್ಲಿ ಬರೆದದ್ದನ್ನು ಡಬ್ಬಿಯ ಸ್ಪೀಕರು ಓದಿ ಹೇಳಬೇಕು. ಇಷ್ಟು ದಿನ ಸಿಗ್ನಲ್ಲು ಮೆಟ್ಟಿಲ ಬುಡದಲ್ಲೇ ಏದುಸಿರು ಬಿಟ್ಟು ಕೂರುತ್ತಿತ್ತು.

ಮೇಲಿನಿಂದ ಮೇಷ್ಟ್ರು ಬರೆದರು. ಕೆಳಗಿನ ಡಬ್ಬಿಯಲ್ಲಿ ಒಂದು ಹೆಣ್ಣು ದನಿ "ನೀರು" ಎಂದಿತು.

"ಯಾರೋ ಇವಳು?" ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಅಡುಗೆಮನೆಯಿಂದ ಬಂದಳು.

"ಯಾರೂ ಅಲ್ಲಮ್ಮ, ಯಂತ್ರ."

"ಯಂತ್ರಕ್ಕೆ ಇಷ್ಟು ವಯ್ಯಾರ ಯಾಕೋ? ಈ ವಯಸ್ಸಲ್ಲಿ ನಂಗೆ ಸವತೀನ ಪಾರ್ಸೆಲ್ಲಲ್ಲಿ ತರಿಸ್ದೆಯಲ್ಲ!"

"ಗಂಡಸಿನ ದನೀನೂ ಇದೆ. ಹಾಕ್ಲಾ?"

"ಥೂ, ಪರಗಂಡಸು ಬೇಡಪ್ಪ. ಇವಳೇ ಬಿದ್ದಿರ್ಲಿ." ಅಮ್ಮ ಜಗ್ಗಿನಲ್ಲಿ ನೀರು ತುಂಬಿಕೊಂಡು ಮೆಟ್ಟಿಲು ಹತ್ತಿದಳು.

ಮಗನ ನಾಲಿಗೆ ತುರಿಸಿತು. ಕುಕ್ಕರಿನ ಸೀಟಿಯನ್ನೇ ಅಣಕಿಸಿ, ಅರ್ಧ ಬೆಂದ ಅಡುಗೆಯನ್ನು ಅಮ್ಮ ಇಳಿಸುವಂತೆ ಮಾಡಿದ್ದ ನಾಲಿಗೆ ಅದು. ತನ್ನ ಮೊಬೈಲಿನಲ್ಲಿ ಮಹಡಿಯ ಮೂರನೆಯ ಡಬ್ಬಿಯನ್ನಷ್ಟೇ ಆರಿಸಿಕೊಂಡು ಬಾಯಿಯ ಹತ್ತಿರ ಹಿಡಿದ. ಗಲ್ಲವನ್ನು ಎದೆಗೆ ಒತ್ತಿ, ಹೊಟ್ಟೆಯ ಆಳದಿಂದ ಅಪ್ಪನ ಹಳೆಯ ದನಿಯನ್ನು ಎಳೆದು ತಂದ: "ಏಯ್! ಸಾಲಲ್ಲಿ ನಿಂತ್ಕೊಂಡು ನೀರು ಕೇಳ್ತೀಯೇನೋ? ಎತ್ತು ಮಂಡಿ! ಮೈದಾನಕ್ಕೆ ಎರಡು ಸುತ್ತು, ಓಡು!"

ಮೇಲೆ ಜಗ್ಗು ಬಿದ್ದ ಸದ್ದಾಯಿತು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ನಿಧಾನವಾಗಿ ಇಳಿದು ಬಂತು. ಮಗ ಮೊಬೈಲನ್ನು ಸೋಫಾದ ಮೇಲೆ ಎಸೆದು ಓಡಿದ. ಅಮ್ಮ ತಿರುವಿನಲ್ಲಿ ಕುಳಿತಿದ್ದಳು. ಅವಳ ಮುಖ ಮದುವೆಯ ಫೋಟೋದಲ್ಲಿರುವಷ್ಟು ಎಳೆಯದಾಗಿತ್ತು.

"ಮಾತಾಡಿದ್ರು ಕಣೋ. ಕೇಳಿಸ್ತಾ? ನಿಮ್ಮಪ್ಪ ಮಾತಾಡಿದ್ರು!"

"ಅಮ್ಮ... ಅದು ನಾನು."

ಅಮ್ಮ ಅವನನ್ನೇ ನೋಡಿದಳು. "ಹೊಟ್ಟೆಗೆ ಏನು ತಿಂತೀಯೋ ನೀನು?" ಎಂದಳು ಮೆಲ್ಲಗೆ. "ಹೋಗು. ಆ ಮನುಷ್ಯನಿಗೆ ಹೇಗಾಗಿರ್ಬೇಡ. ಮೊದ್ಲು ಹೋಗಿ ಕಾಲು ಹಿಡಿ."

ಮಹಡಿ ಕೋಣೆಯಿಂದ ಕೆಮ್ಮಿಲ್ಲ, ಕೋಲಿನ ಸದ್ದಿಲ್ಲ. ಮಗ ಒಂದು ಮೆಟ್ಟಿಲು ಹತ್ತಿ ನಿಂತ.

ಅಷ್ಟರಲ್ಲಿ, ಅಮ್ಮ ಮಗನ ಪಕ್ಕದಲ್ಲಿದ್ದ ತಿರುವಿನ ಡಬ್ಬಿ ನಕ್ಕಿತು. ಹಿಂದೆಯೇ ಕೆಳಗೆ ಹಾಲ್‌ನದೂ ನಕ್ಕಿತು. ಎದೆಯಲ್ಲಿ ಗುಡುಗಿ, ಮೂಗಿನಲ್ಲಿ ಗೊರಕೆಯಾಗಿ, ಕೊನೆಗೆ ಕೀಚಲಾಗಿ ಒಡೆಯುವ ನಗು.

"ಸಾಕು ಮಾಡೋ, ದರಿದ್ರದವನೇ!"

"ನಾನಲ್ಲಮ್ಮ! ಬಾಯಿ ನೋಡು, ಮುಚ್ಚೇ ಇದೆ. ಫೋನು ಕೆಳಗಿದೆ. ಅಪ್ಪನ ಈ ನಗು ನಂಗೆ ಬರೋದೂ ಇಲ್ಲ."

ಇಬ್ಬರೂ ಒದ್ದೆ ಕಾಲಲ್ಲೇ ಮೇಲಕ್ಕೆ ಓಡಿದರು. ಮೇಷ್ಟ್ರು ಮಂಚದ ಮೇಲೆ ಗೋಡೆಗೆ ಒರಗಿ, ಬಾಯಿ ಅಗಲಿಸಿ ಕುಳಿತಿದ್ದರು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕತ್ತಿನ ತೂತಿನಿಂದ ಬರಿಯ ಗಾಳಿ ಬುಸುಗುಡುತ್ತಿತ್ತು. ಅವರ ಮೊಬೈಲು ದಿಂಬಿನ ಪಕ್ಕ ಬೋರಲು ಬಿದ್ದಿತ್ತು. ನಗುತ್ತಿದ್ದದ್ದು ಕಿಟಕಿಯ ಬಳಿಯ ಡಬ್ಬಿ. ಮೇಷ್ಟ್ರು ಉಸಿರೆಳೆದುಕೊಳ್ಳಲು ನಿಂತರೆ ಅದೂ ನಿಲ್ಲುತ್ತಿತ್ತು. ಅವರು ಕಣ್ಣೊರೆಸಿಕೊಂಡು ಮತ್ತೆ ಶುರುಮಾಡಿದರೆ ಅದೂ ಶುರುಮಾಡುತ್ತಿತ್ತು.

"ಇದೇನೋ ಇದು?" ಅಮ್ಮ ಪಿಸುಗುಟ್ಟಿದಳು.

"ಎಲ್ಲೋ ರೆಕಾರ್ಡ್ ಆಗಿ... ಸಿಗ್ನಲ್ಲು ತಡವಾಗಿ..." ಮಗ ಬಗ್ಗಿ ಡಬ್ಬಿಯ ಪ್ಲಗ್ಗಿಗೆ ಕೈ ಹಾಕಿದ.

ಅಮ್ಮ ಅವನ ಮಣಿಕಟ್ಟು ಹಿಡಿದಳು. ಅವಳ ಹಿಡಿತ ಇಷ್ಟು ಬಿಗಿ ಎಂದು ಅವನಿಗೆ ಗೊತ್ತಿರಲಿಲ್ಲ.

"ಮುಟ್ಟಿದ್ರೆ ನೋಡು," ಎಂದಳು, ಗಂಡನಿಂದ ಕಣ್ಣು ಕೀಳದೆ. "ನಗ್ಲಿ. ಪೂರ್ತಿ ನಗ್ಲಿ."

ಊರವರನ್ನೆಲ್ಲ ಅಣಕಿಸಿದ್ದ ಮಗ ಏನೋ ಹೇಳಲು ಬಾಯಿ ತೆರೆದ. ದನಿಯೇ ಹೊರಡಲಿಲ್ಲ. ಇನ್ನೊಮ್ಮೆ ತೆರೆದ. ಆ ಮುಖ ನೋಡಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು, ಮೂರೂ ಡಬ್ಬಿಗಳಲ್ಲಿ, ಮೊದಲಿಗಿಂತ ಜೋರಾಗಿ ನಕ್ಕರು.