ಕೊನೆಯ ಕಾಡಿಗೆ

ನಿದ್ದೆ ಮುಖವನ್ನೇ ಅಳಿಸಿಬಿಡುತ್ತಿದ್ದ ಕಾಲವದು. ಬೆಳಿಗ್ಗೆ ಎದ್ದು ಕಾಡಿಗೆಯಲ್ಲಿ ಬರೆದರಷ್ಟೇ ಕಣ್ಣು, ಬಣ್ಣ ಬಳಿದರಷ್ಟೇ ಬಾಯಿ. ಈಗ ಕಾಡಿಗೆ ಎಲ್ಲೂ ಸಿಗುತ್ತಿರಲಿಲ್ಲ. ಮನೆಯಲ್ಲೇ ಮಾಡೋಣವೆಂದರೆ ದೀಪಕ್ಕೆ ಎಣ್ಣೆಯಿರಲಿಲ್ಲ. ಇದ್ದ ಕಣ್ಣು ಉಳಿಸಿಕೊಳ್ಳಲು ಇಂದ್ರವ್ವ ನಿದ್ದೆಗೆಟ್ಟು ಕೂತಿದ್ದಳು.

ಕೂಸು ಎದ್ದಿತು. ಕಾಡಿಗೆ ಡಬ್ಬಿಯ ತಳ ಬಳಿದು ಕೂಸಿಗೊಂದು ಕಣ್ಣು ಬರೆದಳು. ಅವ್ವನನ್ನು ಕಂಡದ್ದೇ ಕೂಸು ಕೈಕಾಲು ಬಡಿಯಿತು.

“ಎರಡೂ ಕಣ್ಣು ಬರದಿ ಏನ?” ಕಣ್ಣಳಿದ ಗಂಡ ಮೂಲೆಯಿಂದ ಕೇಳಿದ.

“ಇನ್ನೊಂದಕ್ಕ ಆಗುವಷ್ಟು ಬೆರಳಿಗೆ ಐತ್ರಿ. ಎಷ್ಟ್ ಛಂದ ನೋಡಾಕತ್ತೈತಿ ನನ್ನ ಬಂಗಾರ!”

ಹಾಗೆನ್ನುತ್ತಲೇ ಬೆರಳು ತನ್ನಷ್ಟಕ್ಕೆ ತಾನೇ ಕೂಸಿನ ಕೆನ್ನೆಗೆ ಹೋಗಿ ದೃಷ್ಟಿಬೊಟ್ಟು ಇಟ್ಟುಬಿಟ್ಟಿತು.

ಉಗುರಿನಿಂದ ಕೆರೆದಳು. ಹತ್ತಿದ ಕಾಡಿಗೆ ಏಳಲಿಲ್ಲ. ಕೂಸಿಗೆ ದೃಷ್ಟಿ ತಾಗಿಸಲು ಆ ಓಣಿಯಲ್ಲಿ ಅವಳೆರಡು ಕಣ್ಣು ಬಿಟ್ಟರೆ ಬೇರೆ ಕಣ್ಣುಗಳೇ ಉಳಿದಿರಲಿಲ್ಲ.