ನಗುವ ಹಳದಿ ಮುಖಗಳು

“ನನ್ನ ಕಣ್ಣು ಮಂಜು. ಇದೇನು ಬಂದಿದೆ, ಸ್ವಲ್ಪ ಓದಿ ಹೇಳು ಕಣ್ಣಾ,” ಎಂದು ಪ್ರೇಮಮ್ಮ ತಮ್ಮ ಮೊಬೈಲನ್ನು ಪಕ್ಕದ ಫ್ಲಾಟಿನ ಅಕ್ಷಯಾಳ ಕೈಗಿಟ್ಟರು. ಶ್ರಾವಣ ಶುಕ್ರವಾರ, ಚೆನ್ನೈನ ಅಣ್ಣಾ ನಗರದ ಆ ಮನೆಯ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು. ಪ್ರೇಮಮ್ಮನ ಸೊಸೆ ನವ್ಯಾ ಆಗಷ್ಟೇ ಅಕ್ಷಯಾಳ ಕೈಗೆ ಅರಿಶಿನ ಹಚ್ಚಿ, “ನಮ್ಮ ಮಹಾಲಕ್ಷ್ಮಿ” ಎಂದು ಗಲ್ಲ ಸವರಿ ಹೋಗಿದ್ದಳು.

ಮೊಬೈಲಿನಲ್ಲಿ ಅದೇ ಕೈಯ ಫೋಟೋ, ತೊನ್ನಿನ ಮಚ್ಚೆಗಳು ಎದ್ದು ಕಾಣುವಂತೆ. ಕೆಳಗೆ ನವ್ಯಾ ಬರೆದಿದ್ದಳು: ‘ಅರಿಶಿನ ಎಲ್ಲಿ, ಸುಣ್ಣ ಎಲ್ಲಿ? ಹುಡುಕಿ!’ ಅದಕ್ಕೆ ನಗುವ ಹಳದಿ ಮುಖ ಹಾಕಿ ನಕ್ಕವರೆಲ್ಲ ಇಲ್ಲೇ ಜಮಖಾನದ ಮೇಲೆ ಕೂತು ಕೋಸಂಬರಿ ತಿನ್ನುತ್ತಿದ್ದರು. ಅಕ್ಷಯಾಳನ್ನು ಬಿಟ್ಟು ಮಾಡಿಕೊಂಡ ಗ್ರೂಪು. ಅತ್ತೆಗೆ ಮೆಸೇಜು ಓದಿ ಹೇಳುವವಳು ಅವಳೇ ಎಂಬುದನ್ನು ಸೊಸೆ ಮರೆತಿದ್ದಳು.

ಅಕ್ಷಯಾ ಚಿಕ್ಕವಳಿದ್ದಾಗ ಗಿಂಡಿಯ ಶಾಲೆಯಲ್ಲಿ ಒಬ್ಬ ಹುಡುಗ ಅದೇ ಸುಣ್ಣವನ್ನು ತಮಿಳಿನಲ್ಲಿ ‘ಸುಣ್ಣಾಂಬು’ ಎಂದು ಎದುರಿಗೇ ಕೂಗುತ್ತಿದ್ದ. ಒಂದು ದಿನ ಊಟದ ಡಬ್ಬಿಯಿಂದ ಬಾರಿಸಿದಳು, ಅಲ್ಲಿಗೆ ಮುಗಿಯಿತು. ಅವನಿಗೆ ಹೊಡೆಯಲು ಒಂದು ಮುಖವಾದರೂ ಇತ್ತು. ಈ ನವ್ಯಾ ಗಲ್ಲ ಸವರಿದ ಬೆರಳಿನಿಂದಲೇ ಇದನ್ನು ಒತ್ತಿದ್ದಳು.

“ಹಳದಿ ಮುಖಗಳು ನಗೋದು ಮಾತ್ರ ಕಾಣತ್ತೆ. ಜೋರಾಗಿ ಓದಮ್ಮಾ, ನಾನೂ ನಗ್ತೀನಿ,” ಎಂದರು ಪ್ರೇಮಮ್ಮ.

ಅಕ್ಷಯಾ ಎದ್ದು ನಿಂತು ಓದಿದಳು, ನಕ್ಕವರ ಹೆಸರುಗಳನ್ನೂ ಬಿಡದೆ. ಅಗಿಯುತ್ತಿದ್ದ ಬಾಯಿಗಳು ನಿಂತವು. ಅವಳು ಕೈಯ ಅರಿಶಿನವನ್ನು ಎಂಜಲು ಒರೆಸುವಂತೆ ಜಮಖಾನಕ್ಕೆ ಒರೆಸಿದಳು.

“ಯಾಕ್ರಮ್ಮಾ,” ಎಂದರು ಪ್ರೇಮಮ್ಮ, “ಈಗ ಒಬ್ಬರೂ ನಗ್ತಿಲ್ಲ?”